ಮಂಡಿಯೊಳಗೆ ಒಂದು ಸೂಜಿ: ಕಾರ್ಟಿಸೋನ್ ಮಾಡುವುದೇನು, ಮಾಡದಿರುವುದೇನು



ಕಿರುತೆರೆಯಲ್ಲಿ ಹದಿನೈದು ನಿಮಿಷದ ಮಾತು ಎಂದರೆ ಕೈಗೆ ಸಿಗುವುದು ಹದಿಮೂರೇ ನಿಮಿಷ. ಶೀರ್ಷಿಕೆ, ಸಂಗೀತ, ಕೊನೆಯ ವಂದನೆ ಇವುಗಳಲ್ಲಿ ಉಳಿದದ್ದು ಕರಗಿಹೋಗುತ್ತದೆ. ಅಲ್ಲಿ ಅವಸರದಲ್ಲಿ ದಾಟಿಬಂದ ಕೆಲವು ಸಂಗತಿಗಳನ್ನು ಈ ಪುಟಗಳಲ್ಲಿ ನಿಧಾನವಾಗಿ ಹೇಳಬಹುದು. ವಿಷಯ ನಿಮ್ಮ ಮನೆಯದೇ. ಅಜ್ಜಿಯ ಮಂಡಿ, ಅಪ್ಪನ ಭುಜ, ಅಮ್ಮನ ಹಿಮ್ಮಡಿ, ಇವುಗಳಲ್ಲಿ ಒಂದಾದರೂ ನೋಯದ ಮನೆ ನಮ್ಮಲ್ಲಿ ಅಪರೂಪ. "ಕೀಲಿಗೇ ಒಂದು ಇಂಜೆಕ್ಷನ್ ಕೊಟ್ಟರಂತೆ, ಮಾರನೆಯ ದಿನವೇ ಮೆಟ್ಟಿಲು ಹತ್ತಿದರಂತೆ" ಎಂಬ ಮಾತನ್ನು ನೀವು ಕೇಳಿರುತ್ತೀರಿ. "ಅಯ್ಯೋ, ಅದು ಸ್ಟೀರಾಯ್ಡ್! ಮೂಳೆಯೇ ಕರಗಿಹೋಗುತ್ತದೆ, ಹಾಕಿಸಿಕೊಳ್ಳಲೇಬೇಡಿ" ಎಂಬುದನ್ನೂ ಕೇಳಿರುತ್ತೀರಿ. ಈ ಎರಡು ಮಾತು ಆಡುವವರು ಒಂದೇ ಜಗಲಿಯ ಮೇಲೆ ಅಕ್ಕಪಕ್ಕ ಕುಳಿತಿರುವುದೂ ಉಂಟು.

ನಾನು ವೈದ್ಯನಲ್ಲ. ರಸಾಯನಶಾಸ್ತ್ರ ಓದಿ ದೂರದರ್ಶನಕ್ಕೆ ಬಂದವನು. ಆದ್ದರಿಂದ ಯಾರಿಗೆ ಈ ಇಂಜೆಕ್ಷನ್ ಬೇಕು, ಯಾರಿಗೆ ಬೇಡ ಎಂದು ಇಲ್ಲಿ ತೀರ್ಮಾನಿಸುವುದಿಲ್ಲ. ಆದರೆ ಆ ಸೂಜಿಯಲ್ಲಿ ಏನಿದೆ, ಅದು ಕೀಲಿನೊಳಗೆ ಹೋಗಿ ಏನು ಮಾಡುತ್ತದೆ, ಎಷ್ಟು ದಿನ ಮಾಡುತ್ತದೆ ಎಂಬುದು ನಿಮಗೆ ತಿಳಿದಿದ್ದರೆ, ವೈದ್ಯರ ಎದುರು ಕುಳಿತ ಅಜ್ಜಿಯ ಪರವಾಗಿ ಸರಿಯಾದ ಪ್ರಶ್ನೆ ಕೇಳುವ ಶಕ್ತಿ ನಿಮಗೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಔಷಧದ ಚೀಟಿಯನ್ನು ಓದಬಲ್ಲವರು ಓದುವ ಮಕ್ಕಳೇ ತಾನೆ?

ಕಥೆ ಶುರುವಾಗುವುದು ಕಾಮಾಲೆಯಿಂದ. 1929ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ಎಂಬ ಊರಿನ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರಿದ್ದರು. ಅವರ ಬಳಿಗೆ ಬಂದವರು ಬಹುಪಾಲು ರುಮಟಾಯ್ಡ್ ಸಂಧಿವಾತದ ರೋಗಿಗಳು. ಇದು ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಸ್ವಂತ ಕೀಲುಗಳ ಮೇಲೆ ದಂಡೆತ್ತಿ ಹೋಗುವ ರೋಗ. ಬೆರಳು ಸೊಟ್ಟಗಾಗುತ್ತವೆ, ಮುಂಜಾನೆ ಕೈ ಮಡಚಲು ಆಗುವುದಿಲ್ಲ. ಮೂವತ್ತರ ಹರೆಯದವರನ್ನೂ ಅದು ಹಾಸಿಗೆಗೆ ಕೆಡವಬಲ್ಲದು. ಆ ಕಾಲಕ್ಕೆ ಆಸ್ಪಿರಿನ್ ಮತ್ತು ವಿಶ್ರಾಂತಿ ಬಿಟ್ಟರೆ ಕೊಡಲು ಹೆಚ್ಚೇನೂ ಇರಲಿಲ್ಲ. ಇಂಥ ಒಬ್ಬ ರೋಗಿಗೆ ಕಾಮಾಲೆ ಬಂತು. ಕಣ್ಣು ಹಳದಿಯಾಗುತ್ತಿದ್ದಂತೆ ಕೀಲುನೋವು ತಗ್ಗಿತು! ಕಾಮಾಲೆ ಹೋದ ಮೇಲೂ ಕೆಲವು ವಾರ ನೋವು ಮರಳಲಿಲ್ಲ.

ಬೇರೆಯವರಾಗಿದ್ದರೆ ಕಾಕತಾಳೀಯ ಎಂದು ಬಿಟ್ಟುಬಿಡುತ್ತಿದ್ದರೇನೋ. ಹೆಂಚ್ ಬಿಡಲಿಲ್ಲ. ಅವರು ಷರ್ಲಾಕ್ ಹೋಮ್ಸ್ ಕಥೆಗಳ ಮಹಾ ಅಭಿಮಾನಿ, ಆ ಪುಸ್ತಕಗಳ ದೊಡ್ಡ ಸಂಗ್ರಹವನ್ನೇ ಮಾಡಿದ್ದವರು. ಸುಳಿವು ಕೈಬಿಡುವ ಜಾಯಮಾನ ಅವರದಲ್ಲ. ಹುಡುಕುತ್ತ ಹೋದಂತೆ ಮತ್ತೊಂದು ಸುಳಿವು ಸಿಕ್ಕಿತು. ಬಸುರಿ ಹೆಂಗಸರಲ್ಲಿಯೂ ಈ ರೋಗ ಅನೇಕ ವೇಳೆ ತಣ್ಣಗಾಗುತ್ತಿತ್ತು. ಗಂಡಸರಿಗೂ ಬರುವ ಕಾಮಾಲೆ, ಹೆಂಗಸರಿಗೆ ಮಾತ್ರ ಬರುವ ಬಸಿರು, ಇವೆರಡರಲ್ಲೂ ದೇಹ ತಾನೇ ತಯಾರಿಸುವ ಯಾವುದೋ ಒಂದು ವಸ್ತು ಹೆಚ್ಚುತ್ತಿರಬೇಕು ಎಂದು ಅವರು ತರ್ಕಿಸಿದರು. ಅದಕ್ಕೆ ಅವರು ಕೊಟ್ಟ ಹೆಸರು 'ವಸ್ತು ಎಕ್ಸ್'. ಬೀಜಗಣಿತದ ಎಕ್ಸ್‌ನಂತೆಯೇ ಅದರ ಬೆಲೆ ಆಗ ಯಾರಿಗೂ ತಿಳಿದಿರಲಿಲ್ಲ.

ಅದೇ ಸಂಸ್ಥೆಯ ಇನ್ನೊಂದು ಕಟ್ಟಡದಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಥೈರಾಯ್ಡ್ ಗ್ರಂಥಿಯ ಥೈರಾಕ್ಸಿನ್ ಹಾರ್ಮೋನನ್ನು 1914ರ ಕ್ರಿಸ್‌ಮಸ್ ದಿನ ಹರಳಿನ ರೂಪದಲ್ಲಿ ಬೇರ್ಪಡಿಸಿದವರು ಅವರೇ. ಈಗ ಅವರು ಅಡ್ರಿನಲ್ ಗ್ರಂಥಿಯ ಹಿಂದೆ ಬಿದ್ದಿದ್ದರು. ನಿಮ್ಮ ಜೀವಶಾಸ್ತ್ರದ ಪುಸ್ತಕದ ಚಿತ್ರ ನೆನಪಿಸಿಕೊಳ್ಳಿ: ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳು. ಅವುಗಳ ಒಳತಿರುಳು ಅಡ್ರಿನಲಿನ್ ಸುರಿಸುತ್ತದೆ. ಹೊರತೊಗಟೆಯಲ್ಲಿ ಏನೇನಿದೆ ಎಂಬುದು ಕೆಂಡಾಲರ ಪ್ರಶ್ನೆ. ಕಸಾಯಿಖಾನೆಗಳಿಂದ ಟನ್ನುಗಟ್ಟಲೆ ದನದ ಗ್ರಂಥಿಗಳನ್ನು ತರಿಸಿ, ಅರೆದು, ಸೋಸಿ, ಅವರ ತಂಡ ಹಲವು ವಸ್ತುಗಳನ್ನು ಪಡೆಯಿತು. ಹೆಸರಿಡಲು ಪುರುಸೊತ್ತಿಲ್ಲದೆ ಎ, ಬಿ, ಸಿ ಎಂದು ಅಕ್ಷರ ಕೊಟ್ಟರು. ಸ್ವಿಟ್ಜರ್ಲೆಂಡಿನಲ್ಲಿ ಟಾಡಿಯಸ್ ರೈಕ್‌ಸ್ಟೈನ್ ಎಂಬುವರೂ ಇದೇ ಕೆಲಸದಲ್ಲಿ ತೊಡಗಿದ್ದರು. 'ಸಿ' ಜೀವಸತ್ವವನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಹೆಸರಾದವರು. ಕೆಂಡಾಲರ ಪಟ್ಟಿಯ 'ಇ' ವಸ್ತುವೇ ಹೆಂಚ್ ಹುಡುಕುತ್ತಿದ್ದ ಎಕ್ಸ್ ಇರಬಹುದೆ? ಈ ಅನುಮಾನ 1941ರ ಹೊತ್ತಿಗೇ ಇಬ್ಬರಿಗೂ ಬಂದಿತ್ತು. ಪರೀಕ್ಷಿಸಲು ಸಾಕಾಗುವಷ್ಟು 'ಇ' ಮಾತ್ರ ಯಾರ ಬಳಿಯೂ ಇರಲಿಲ್ಲ.

ಅದನ್ನು ಒದಗಿಸಿದ್ದು ದನದ ಪಿತ್ತರಸ! ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್ ಎಂಬ ತರುಣ ವಿಜ್ಞಾನಿ ಪಿತ್ತರಸದಲ್ಲಿರುವ ಒಂದು ಆಮ್ಲದಿಂದ ಹೊರಟು, ಮೂವತ್ತಕ್ಕೂ ಹೆಚ್ಚು ರಾಸಾಯನಿಕ ಹಂತಗಳನ್ನು ದಾಟಿ, 1944ರಲ್ಲಿ ಚಿಟಿಕೆಯಷ್ಟು 'ಇ' ತಯಾರಿಸಿದರು. ಮೂವತ್ತು ಹಂತ ಎಂದರೆ ಏನು ಎಂಬುದನ್ನು ಒಂದು ಲೆಕ್ಕ ಹಾಕಿ ನೋಡಿ. ಪ್ರತಿ ಹಂತದಲ್ಲೂ ನೂರರಲ್ಲಿ 80 ಪಾಲು ಉಳಿಯುತ್ತದೆ ಎಂದುಕೊಂಡರೂ ಮೂವತ್ತನೆಯ ಹಂತದ ಹೊತ್ತಿಗೆ ಸಾವಿರಕ್ಕೆ ಒಂದೂಕಾಲು ಪಾಲಷ್ಟೇ ಉಳಿದೀತು. ಪ್ರಯೋಗಾಲಯದಲ್ಲಿ ಸೋಸುಕಾಗದಕ್ಕೆ ಅಂಟಿಕೊಂಡ ಉಪ್ಪಿಗಾಗಿ ಗೊಣಗಿದ ವಿದ್ಯಾರ್ಥಿಗಳಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ.

1948ರ ಸೆಪ್ಟೆಂಬರ್ 21ರಂದು ಹೆಂಚ್ ಮತ್ತು ಅವರ ಸಹೋದ್ಯೋಗಿಗಳು 29 ವರ್ಷದ ಒಬ್ಬ ಮಹಿಳೆಗೆ ಮೊದಲ ಚುಚ್ಚುಮದ್ದು ಕೊಟ್ಟರು. ದಿನಕ್ಕೆ 100 ಮಿಲಿಗ್ರಾಂ, ಮಾಂಸಖಂಡಕ್ಕೆ. ಆಕೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಕಷ್ಟಪಡುತ್ತಿದ್ದವಳು. ಮೂರನೆಯ ದಿನದ ಹೊತ್ತಿಗೆ ಬಿಗಿತ ಸಡಿಲಿತು. ವಾರ ಕಳೆಯುವಷ್ಟರಲ್ಲಿ ಪೇಟೆಗೆ ಹೋಗಿ ಅಂಗಡಿ ಅಂಗಡಿ ಸುತ್ತಿ ಬಂದಳು. ಮುಂದಿನ ಏಪ್ರಿಲ್‌ನಲ್ಲಿ ಹೆಂಚ್ ತಮ್ಮ ಸಂಸ್ಥೆಯ ಸಭೆಯಲ್ಲಿ ಇಂಥ ರೋಗಿಗಳ ಚಲನಚಿತ್ರವನ್ನು ತೋರಿಸಿದರು. ಮೊದಲು ಕುರ್ಚಿಯಿಂದ ಏಳಲಾಗದವರು; ಆಮೇಲೆ ಅದೇ ಜನ ಸರಾಗವಾಗಿ ನಡೆಯುತ್ತಿರುವುದು. 'ಇ' ಎಂದರೆ ಜನ 'ಇ' ಜೀವಸತ್ವ ಎಂದು ಗೊಂದಲಪಟ್ಟಾರೆಂದು ಹೊಸ ಹೆಸರನ್ನೂ ಇಟ್ಟರು: ಕಾರ್ಟಿಸೋನ್. ಗ್ರಂಥಿಯ ತೊಗಟೆಯನ್ನು ಸೂಚಿಸುವ 'ಕಾರ್ಟೆಕ್ಸ್' ಆ ಹೆಸರಿನೊಳಗೆ ಅಡಗಿದೆ. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಮೊದಲ ಸೂಜಿಗೂ ಬಹುಮಾನಕ್ಕೂ ನಡುವೆ ಎರಡೇ ವರ್ಷದ ಚಿಲ್ಲರೆ ಅಂತರ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಸೇರಿಸಬೇಕು. 'ಮೊದಲು, ಆಮೇಲೆ' ಎಂಬ ಎರಡು ದೃಶ್ಯಗಳನ್ನು ಅಕ್ಕಪಕ್ಕ ಜೋಡಿಸಿದರೆ ಅದರಷ್ಟು ಬಲವಾದ ಸಾಕ್ಷ್ಯ ಇನ್ನೊಂದಿಲ್ಲ ಎಂದು ನೋಡುವವರಿಗೆ ಅನ್ನಿಸಿಬಿಡುತ್ತದೆ. ಹೆಂಚ್ ತೋರಿಸಿದ್ದರಲ್ಲಿ ಮೋಸವೇನೂ ಇರಲಿಲ್ಲ. ಔಷಧ ಮಿತವಾಗಿ ಬಳಸಬೇಕಾದದ್ದು ಎಂದು ಎಚ್ಚರಿಸಿದವರಲ್ಲಿ ಅವರೂ ಒಬ್ಬರು. ಆದರೆ 'ಆಮೇಲೆ' ಎಂಬುದು ಎಲ್ಲಿಗೆ ಮುಗಿಯುತ್ತದೆ ಎಂದು ತೀರ್ಮಾನಿಸುವುದು ಕ್ಯಾಮೆರಾ ನಿಂತ ದಿನ. ಮೂರನೆಯ ರೀಲು ತೆಗೆದಿದ್ದರೆ ಅದರಲ್ಲಿ ಬೇರೆಯೇ ಚಿತ್ರ ಕಾಣುತ್ತಿತ್ತು: ಚಂದ್ರನಂತೆ ಉಬ್ಬಿದ ದುಂಡು ಮುಖ, ಏರಿದ ರಕ್ತದೊತ್ತಡ, ಸಕ್ಕರೆ, ಟೊಳ್ಳಾಗುವ ಮೂಳೆ, ಕೆಲವರಲ್ಲಿ ಮನಸ್ಸಿನ ಸ್ಥಿಮಿತ ತಪ್ಪುವುದು. ಔಷಧ ನಿಲ್ಲಿಸಿದರೆ ಸಂಧಿವಾತ ಮರಳುತ್ತಿತ್ತು. ಮೊದಲ ರೋಗಿಗಳೇ ಇದನ್ನೆಲ್ಲ ಅನುಭವಿಸಿದರು. ಪವಾಡದ ಮದ್ದು ಎಂದು ಬರೆದಿದ್ದ ಪತ್ರಿಕೆಗಳು ಕೆಲವೇ ವರ್ಷಗಳಲ್ಲಿ ದನಿ ತಗ್ಗಿಸಿದವು.

ಕೀಲಿಗೇ ಇಂಜೆಕ್ಷನ್ ಕೊಡುವ ಆಲೋಚನೆ ಹುಟ್ಟಿದ್ದು ಈ ಸಂಕಟದಿಂದ. ನೋವು ಒಂದು ಮಂಡಿಯಲ್ಲಿರುವಾಗ ಇಡೀ ದೇಹಕ್ಕೆ ಏಕೆ ಔಷಧ ಉಣಿಸಬೇಕು? 1951ರಲ್ಲಿ ಫಿಲಡೆಲ್ಫಿಯಾದ ಜೋಸೆಫ್ ಹಾಲೆಂಡರ್ ಮತ್ತು ಸಂಗಡಿಗರು ಸೂಜಿಯನ್ನು ನೇರವಾಗಿ ಕೀಲಿನ ಪೊಳ್ಳಿಗೆ ಇಳಿಸಿದ ತಮ್ಮ ಅನುಭವವನ್ನು ಪ್ರಕಟಿಸಿದರು. ಅಲ್ಲಿ ಒಂದು ಸ್ವಾರಸ್ಯ ಹೊರಬಿತ್ತು. ಕಾರ್ಟಿಸೋನ್ ಕೀಲಿನೊಳಗೆ ಹೆಚ್ಚೇನೂ ಮಾಡಲಿಲ್ಲ. ಅದರ ಸೋದರ ಹೈಡ್ರೊಕಾರ್ಟಿಸೋನ್ ಚೆನ್ನಾಗಿ ಕೆಲಸ ಮಾಡಿತು. ಇವೆರಡರ ಅಣುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಇರುವ ವ್ಯತ್ಯಾಸ ಇಷ್ಟೆ: ಹನ್ನೊಂದನೆಯ ಇಂಗಾಲದ ಪರಮಾಣುವಿಗೆ ಅಂಟಿಕೊಂಡ ಆಕ್ಸಿಜನ್‌ಗೆ ಒಂದರಲ್ಲಿ ಜಲಜನಕದ ಜೊತೆಯಿದೆ, ಇನ್ನೊಂದರಲ್ಲಿ ಇಲ್ಲ. ನುಂಗಿದ ಕಾರ್ಟಿಸೋನನ್ನು ಯಕೃತ್ತಿನ ಒಂದು ಕಿಣ್ವ ಹೈಡ್ರೊಕಾರ್ಟಿಸೋನ್ ಮಾಡಿ ಕೊಡುತ್ತದೆ. ನಿಜವಾಗಿ ಕೆಲಸ ಮಾಡುವುದು ಆ ರೂಪ. ಅದಕ್ಕೆ ಕಾರ್ಟಿಸಾಲ್ ಎಂದೂ ಹೆಸರುಂಟು. ನಮ್ಮ ಅಡ್ರಿನಲ್ ಗ್ರಂಥಿಗಳು ದಿನವೂ ಸುರಿಸುವುದು ಅದನ್ನೇ. ಎಂದರೆ, ಇಂದು ಜನ 'ಕಾರ್ಟಿಸೋನ್ ಇಂಜೆಕ್ಷನ್' ಎಂದು ಕರೆಯುವುದರಲ್ಲಿ ಕಾರ್ಟಿಸೋನ್ ಇರುವುದೇ ಇಲ್ಲ! ಸೀಸೆಯ ಮೇಲೆ ಟ್ರಯಾಮ್ಸಿನಲೋನ್ ಎಂದೋ ಮೀಥೈಲ್‌ಪ್ರೆಡ್ನಿಸಲೋನ್ ಎಂದೋ ಇರುತ್ತದೆ. ಇವು ಅದೇ ಮನೆತನದ, ಅದಕ್ಕಿಂತ ಪ್ರಬಲವಾದ, ಮನುಷ್ಯ ತಯಾರಿಸಿದ ಮರಿಗಳು.

ಬೆಲೆಯ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1949ರಲ್ಲಿ ಕಾರ್ಟಿಸೋನ್ ಗ್ರಾಂಗೆ ಸುಮಾರು 200 ಡಾಲರ್. 1952ರಲ್ಲಿ ಅಪ್‌ಜಾನ್ ಕಂಪನಿಯ ಪೀಟರ್‌ಸನ್ ಮತ್ತು ಮರ್ರೆ ಎಂಬುವರು, ರಸಾಯನಶಾಸ್ತ್ರಜ್ಞರು ಹಲವು ಹಂತಗಳಲ್ಲಿ ಹೆಣಗಾಡಿ ಮಾಡುತ್ತಿದ್ದ ಕೆಲಸವನ್ನು, ಅಂದರೆ ಆ ಹನ್ನೊಂದನೆಯ ಇಂಗಾಲಕ್ಕೆ ಆಕ್ಸಿಜನ್ ಕೂಡಿಸುವುದನ್ನು, ಒಂದು ಬೂಷ್ಟು ಒಂದೇ ಏಟಿಗೆ ಮಾಡುತ್ತದೆ ಎಂದು ತೋರಿಸಿದರು. ಆ ಬೂಷ್ಟು ಯಾವುದು ಗೊತ್ತೆ? ರೈಜೋಪಸ್. ಹಳಸಿದ ಬ್ರೆಡ್ಡಿನ ಚೂರಿನ ಮೇಲೆ ಬೆಳೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ರೆಕಾರ್ಡ್ ಪುಸ್ತಕದಲ್ಲಿ ನೀವು ಚಿತ್ರ ಬರೆದ ಅದೇ ಕುಲ. ಅದಕ್ಕೆ ಉಣಿಸಿದ ಕಚ್ಚಾವಸ್ತು ಬಂದದ್ದು ಮೆಕ್ಸಿಕೋದ ಕಾಡುಗೆಣಸಿನಿಂದ. ಗೆಣಸಿನ ಡಯೋಸ್‌ಜೆನಿನ್ ಎಂಬ ವಸ್ತುವಿನಿಂದ ಹಾರ್ಮೋನು ತಯಾರಿಸುವ ದಾರಿಯನ್ನು ರಸಲ್ ಮಾರ್ಕರ್ 1940ರ ದಶಕದಲ್ಲಿ ತೋರಿಸಿದ್ದರು. ನಮ್ಮ ಹಿಮಾಲಯದ ಕಾಡುಗೆಣಸಿನಲ್ಲೂ ಅದು ಇದೆ. ಹಾಗೆಂದು ಗೆಣಸು ಬೇಯಿಸಿ ತಿಂದರೆ ಮಂಡಿನೋವು ಹೋಗುವುದಿಲ್ಲ. ಡಯೋಸ್‌ಜೆನಿನನ್ನು ಹಾರ್ಮೋನಾಗಿ ಬದಲಿಸುವ ಕಿಣ್ವಗಳು ನಮ್ಮ ದೇಹದಲ್ಲಿಲ್ಲ.

ಈಗ ಮಂಡಿಯೊಳಗೆ ಇಳಿಯೋಣ. ಎರಡು ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ. ಸುತ್ತ ಒಂದು ಚೀಲ. ಚೀಲದ ಒಳಮೈಗೆ ತೆಳುವಾದ ಪೊರೆ. ಈ ಪೊರೆ ಒಸರಿಸುವ ಅಂಟಂಟು ದ್ರವವೇ ಕೀಲಿನ ಎಣ್ಣೆ. ಆರೋಗ್ಯವಂತರ ಮಂಡಿಯಲ್ಲಿ ಅದು ಕೆಲವೇ ಮಿಲಿಲೀಟರ್. ಉರಿಯೂತವಾದಾಗ ಪೊರೆ ಊದಿಕೊಳ್ಳುತ್ತದೆ, ರಕ್ತನಾಳಗಳು ಹಿಗ್ಗುತ್ತವೆ, ಬಿಳಿ ರಕ್ತಕಣಗಳು ನುಗ್ಗುತ್ತವೆ, ದ್ರವ ಬೇಡವೆಂದರೂ ತುಂಬಿಕೊಳ್ಳುತ್ತದೆ. ಬಿಸಿ, ಬಾವು, ಕೆಂಪು, ನೋವು ಎಂಬ ನಾಲ್ಕು ಲಕ್ಷಣಗಳೂ ಇಲ್ಲಿಂದಲೇ. ನೋವಿನ ನರಗಳನ್ನು ಕೆರಳಿಸುವ ಪ್ರೋಸ್ಟಗ್ಲಾಂಡಿನ್ ಮುಂತಾದ ರಾಸಾಯನಿಕಗಳು ಆ ಜೀವಕೋಶಗಳಲ್ಲಿ ತಯಾರಾಗುತ್ತಿರುತ್ತವೆ. ಆಸ್ಪಿರಿನ್, ಐಬುಪ್ರೊಫೆನ್ ಈ ಕಾರ್ಖಾನೆಯ ಒಂದು ಯಂತ್ರವನ್ನು ನಿಲ್ಲಿಸುತ್ತವೆ. ಸ್ಟೀರಾಯ್ಡ್ ಹಾಗಲ್ಲ. ಅದು ಕೊಬ್ಬಿನಲ್ಲಿ ಕರಗುವ ಅಣುವಾದ್ದರಿಂದ ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟಿ ಒಳಗೆ ಕಾದಿರುವ ಒಂದು ಪ್ರೋಟೀನಿನ ಜೊತೆಗೂಡುತ್ತದೆ. ಈ ಜೋಡಿ ಕೋಶಕೇಂದ್ರವನ್ನು ಹೊಕ್ಕು ಡಿ.ಎನ್.ಎ. ಮೇಲೆಯೇ ಕುಳಿತು ಉರಿಯೂತದ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ, ಅದನ್ನು ಶಮನಗೊಳಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ. ಯಂತ್ರ ನಿಲ್ಲಿಸುವುದಲ್ಲ, ಕಾರ್ಖಾನೆಯ ಆಡಳಿತ ಕಚೇರಿಗೇ ಹೋಗಿ ಆದೇಶ ಬದಲಿಸುವುದು. ಆದೇಶ ಬದಲಾಗಿ ಅದರ ಫಲ ಕಾಣಲು ಹೊತ್ತು ಬೇಕು, ಸಾಮಾನ್ಯವಾಗಿ ಒಂದೆರಡು ದಿನ, ಕೆಲವೊಮ್ಮೆ ವಾರ.

"ಆದರೆ ನಮ್ಮ ಅಜ್ಜಿಗೆ ಹತ್ತೇ ನಿಮಿಷದಲ್ಲಿ ನೋವು ಹೋಯಿತಲ್ಲ?" ಎಂದು ನೀವು ಕೇಳಬಹುದು. ಹೋಗಿರುತ್ತದೆ. ಅದು ಸ್ಟೀರಾಯ್ಡಿನ ಜೊತೆ ಬೆರೆಸಿದ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಮದ್ದಿನ ಕೆಲಸ; ಹಲ್ಲು ಕೀಳುವ ಮುನ್ನ ಕೊಡುತ್ತಾರಲ್ಲ, ಅದೇ. ಕೆಲವು ಗಂಟೆಗಳಲ್ಲಿ ಅದರ ಪ್ರಭಾವ ಇಳಿದಾಗ ನೋವು ಮರಳುತ್ತದೆ. ಕೆಲವರಲ್ಲಿ ಮೊದಲ ಒಂದೆರಡು ದಿನ ಹಿಂದಿಗಿಂತ ಹೆಚ್ಚೂ ಆಗುತ್ತದೆ. ಸೀಸೆಯಲ್ಲಿ ಔಷಧ ಇರುವುದು ಹಾಲಿನಂತೆ ಬಿಳಿಯಾಗಿ, ಬೇಗ ಕರಗದ ಸೂಕ್ಷ್ಮ ಹರಳುಗಳಾಗಿ. ವಾರಗಟ್ಟಲೆ ಕೀಲಿನಲ್ಲೇ ಉಳಿದು ಮೆಲ್ಲಮೆಲ್ಲನೆ ಕರಗಲಿ ಎಂದೇ ಹಾಗೆ ಮಾಡಿರುತ್ತಾರೆ. ಆ ಹರಳುಗಳೇ ಕೆಲವೊಮ್ಮೆ ಪೊರೆಯನ್ನು ಕೆರಳಿಸುತ್ತವೆ. ಎರಡು ದಿನದಲ್ಲಿ ತಾನಾಗಿ ಇಳಿಯುವ ಈ ಕೆರಳಿಕೆಗೆ ಮನೆಯವರು ಹೆದರಬೇಕಾಗಿಲ್ಲ. ನೋವು ದಿನದಿಂದ ದಿನಕ್ಕೆ ಏರುತ್ತ ಜ್ವರವೂ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೀಲಿಗೆ ಸೋಂಕು ತಗಲುವುದು ಬಹಳ ಅಪರೂಪ, ತಗಲಿದರೆ ಕೀಲನ್ನೇ ತಿಂದುಹಾಕುವಂಥದು. 2012ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ತಯಾರಾದ ಸ್ಟೀರಾಯ್ಡ್ ಸೀಸೆಗಳಲ್ಲಿ ಶಿಲೀಂಧ್ರ ಸೇರಿಕೊಂಡು, ಬೆನ್ನಿಗೆ ಮತ್ತು ಕೀಲಿಗೆ ಅವನ್ನು ಚುಚ್ಚಿಸಿಕೊಂಡ ನೂರಾರು ಜನ ಕಾಯಿಲೆ ಬಿದ್ದು 60ಕ್ಕೂ ಹೆಚ್ಚು ಮಂದಿ ಸತ್ತರು.

ಔಷಧ ಕೀಲಿನಲ್ಲೇ ಉಳಿಯಲಿ ಎಂದರೂ ಪೂರ್ತಿ ಉಳಿಯುವುದಿಲ್ಲ. ಮತ್ತೊಂದು ಲೆಕ್ಕ ನೋಡಿ. ಮಂಡಿಗೆ ಸಾಮಾನ್ಯವಾಗಿ ಕೊಡುವ ಟ್ರಯಾಮ್ಸಿನಲೋನ್ 40 ಮಿಲಿಗ್ರಾಂ. ಅದು ಕಾರ್ಟಿಸಾಲ್‌ಗಿಂತ ಸುಮಾರು ಐದು ಪಟ್ಟು ಪ್ರಬಲ. ಹಾಗಾದರೆ 200 ಮಿಲಿಗ್ರಾಂ ಕಾರ್ಟಿಸಾಲ್‌ಗೆ ಸಮ. ನಮ್ಮ ದೇಹ ದಿನವೊಂದಕ್ಕೆ ತಯಾರಿಸುವುದು ಸುಮಾರು 10ರಿಂದ 20 ಮಿಲಿಗ್ರಾಂ. ಹತ್ತರಿಂದ ಇಪ್ಪತ್ತು ದಿನದ ಸರಕನ್ನು ಒಂದೇ ಗೋದಾಮಿನಲ್ಲಿ ಇಳಿಸಿದ ಹಾಗಾಯಿತು. ಗೋದಾಮಿನಿಂದ ಸ್ವಲ್ಪ ಸ್ವಲ್ಪ ರಕ್ತಕ್ಕೆ ಸೋರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಜಿಗಿಯುವುದು ಇದರಿಂದಲೇ. ನಿಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ ಇದ್ದು, ಮೂಳೆಯ ವೈದ್ಯರು ಬೇರೆ, ಸಕ್ಕರೆಯ ವೈದ್ಯರು ಬೇರೆ ಆಗಿದ್ದರೆ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರಿಗೆ ತಿಳಿಸುವ ಕೆಲಸ ನಿಮ್ಮದು. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ಹೊತ್ತಿಗೆ ಹತೋಟಿ ತಪ್ಪಿದ ಸಕ್ಕರೆ ಮತ್ತು ಸ್ಟೀರಾಯ್ಡ್ ಎರಡೂ ಕೂಡಿದ ರೋಗಿಗಳಲ್ಲಿ ಕಪ್ಪು ಶಿಲೀಂಧ್ರ ಎಷ್ಟು ಕಣ್ಣುಗಳನ್ನು ನುಂಗಿತು ಎಂಬುದು ನಮ್ಮ ರಾಜ್ಯದವರಿಗೆ ಮರೆಯುವ ಸಂಗತಿಯಲ್ಲ. ಅದೇ ಕುಟುಂಬದ ಡೆಕ್ಸಾಮೆಥಸೋನ್ ಆ ಕಾಯಿಲೆಯಲ್ಲಿ ಉಸಿರಾಟದ ಯಂತ್ರದ ಮೇಲಿದ್ದವರ ಸಾವನ್ನು ಮೂರರಲ್ಲಿ ಒಂದು ಪಾಲು ತಗ್ಗಿಸುತ್ತದೆ ಎಂದು 2020ರಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿತ್ತು ಎಂಬುದೂ ಅಷ್ಟೇ ನಿಜ.

ಹಾಗಾದರೆ ಕೀಲಿನ ಇಂಜೆಕ್ಷನ್ ಒಳ್ಳೆಯದೋ ಕೆಟ್ಟದೋ? ಯಾವ ಕಾಯಿಲೆಗೆ ಎಂದು ಕೇಳದೆ ಉತ್ತರ ಹೇಳಲಾಗದು. ರುಮಟಾಯ್ಡ್ ಸಂಧಿವಾತದಲ್ಲಿ ಒಂದೇ ಕೀಲು ಕೆರಳಿ ನಿಂತಾಗ, ಮಕ್ಕಳ ಸಂಧಿವಾತದಲ್ಲಿ, ಬೇರೆ ಔಷಧ ಒಗ್ಗದವರ ಗೌಟ್‌ನಲ್ಲಿ, ಹೆಪ್ಪುಗಟ್ಟಿದಂತೆ ಬಿಗಿಯುವ ಭುಜದಲ್ಲಿ ಅದು ಬಹಳ ಉಪಕಾರಿ. ಉರಿಯೂತವೇ ಮುಖ್ಯ ಶತ್ರುವಾದಲ್ಲಿ ಉರಿಯೂತ ತಣಿಸುವ ಮದ್ದು ಗೆಲ್ಲುತ್ತದೆ. ಅಜ್ಜಿಯ ಮಂಡಿ ಬೇರೆ. ಅಲ್ಲಿ ಮೂಲದಲ್ಲಿರುವುದು ಮೃದ್ವಸ್ಥಿಯ ಸವೆತ. ಉರಿಯೂತ ಇರುತ್ತದೆ, ಆದರೆ ಜೊತೆಗಾರನಾಗಿ. ಅಲ್ಲಿ ಈ ಇಂಜೆಕ್ಷನ್ ಕೆಲವು ವಾರ ನೆಮ್ಮದಿ ಕೊಡುತ್ತದೆ, ಸವೆದದ್ದನ್ನು ತುಂಬಿಕೊಡುವುದಿಲ್ಲ. ಮತ್ತೆ ಮತ್ತೆ ಹಾಕಿಸಿಕೊಂಡರೆ? ಅಮೆರಿಕದಲ್ಲಿ ಇಂಥ ಮಂಡಿನೋವಿನ 140 ಜನರಿಗೆ ಎರಡು ವರ್ಷ ಕಾಲ, ಮೂರು ತಿಂಗಳಿಗೊಮ್ಮೆ, ಅರ್ಧ ಮಂದಿಗೆ ಟ್ರಯಾಮ್ಸಿನಲೋನ್, ಉಳಿದವರಿಗೆ ಬರೀ ಉಪ್ಪುನೀರು ಕೊಟ್ಟು ನೋಡಿದರು. 2017ರಲ್ಲಿ ಫಲಿತಾಂಶ ಬಂತು. ಎರಡು ವರ್ಷದ ಕೊನೆಗೆ ನೋವಿನಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಮೃದ್ವಸ್ಥಿಯ ದಪ್ಪ ಮಾತ್ರ ಉಪ್ಪುನೀರಿನವರಲ್ಲಿ ಸರಾಸರಿ 0.10 ಮಿಲಿಮೀಟರ್ ಇಳಿದಿದ್ದರೆ, ಸ್ಟೀರಾಯ್ಡ್ ಪಡೆದವರಲ್ಲಿ 0.21 ಇಳಿದಿತ್ತು. ಜಗಲಿಯ ಮೇಲೆ "ಮೂಳೆ ಕರಗುತ್ತದೆ" ಎಂದವರ ಮಾತಿನಲ್ಲಿ ಎಷ್ಟು ಸತ್ಯವಿತ್ತೋ ಅಷ್ಟರ ಅಳತೆ ಇದು. ಒಂದು ಸೂಜಿಗೆ ಮಂಡಿ ಹಾಳಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಎಂಬ ರೂಢಿಗೆ ಬೆಲೆ ತೆರಬೇಕಾಗಬಹುದು. ಒಂದೇ ಕೀಲಿಗೆ ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ ಎಂದು ವೈದ್ಯರು ಮಿತಿ ಹಾಕಿಕೊಂಡಿರುವುದು ಸುಮ್ಮನೆ ಅಲ್ಲ.

ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಇಷ್ಟ, ಏಕೆಂದರೆ ಅದರಲ್ಲಿ ಕಾಸು ಖರ್ಚಿಲ್ಲದ ಪಾಠವೊಂದಿದೆ. 2020ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಮಂಡಿ ಸವೆದ 156 ಜನರಲ್ಲಿ ಅರ್ಧದಷ್ಟು ಮಂದಿಗೆ ಇಂಜೆಕ್ಷನ್, ಉಳಿದವರಿಗೆ ಫಿಸಿಯೋಥೆರಪಿ. ಒಂದು ವರ್ಷವಾದ ಮೇಲೆ ಕಡಿಮೆ ನೋವು, ಹೆಚ್ಚು ಓಡಾಟ ಕಂಡದ್ದು ಫಿಸಿಯೋಥೆರಪಿಯವರಲ್ಲಿ. ತೊಡೆಯ ಮುಂಭಾಗದ ಸ್ನಾಯು ಬಲವಾದರೆ ಮಂಡಿಯ ಭಾರ ಹಗುರವಾಗುತ್ತದೆ. ಇಂಜೆಕ್ಷನ್ ಕೊಟ್ಟ ಕೆಲವು ವಾರಗಳ ನೆಮ್ಮದಿಯನ್ನು ಈ ವ್ಯಾಯಾಮ ಆರಂಭಿಸಲು ಬಳಸಿಕೊಂಡವರಿಗೆ ಎರಡರ ಲಾಭವೂ ಸಿಕ್ಕೀತು. ನಮ್ಮಲ್ಲಿ ಆಗುವುದೇ ಬೇರೆ. ನೋವು ಹೋಯಿತೆಂದು ಮಂಡಿಯೂರಿ ಕುಳಿತು ನೆಲ ಸಾರಿಸಲು ಶುರುಮಾಡುತ್ತಾರೆ.

ಒಮ್ಮೆ ಆರೋಗ್ಯದ ಕಾರ್ಯಕ್ರಮವೊಂದಕ್ಕೆ ಪದವಿಪೂರ್ವ ಕಾಲೇಜಿನ ಹುಡುಗನೊಬ್ಬ ಪತ್ರ ಬರೆದಿದ್ದ. ಕಬಡ್ಡಿ ಆಟಗಾರ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯುತ್ತಿದೆ, ಎಂಟು ದಿನದಲ್ಲಿ ಪಂದ್ಯಾವಳಿ, ಒಂದು ಇಂಜೆಕ್ಷನ್ ಹಾಕಿಸಿಕೊಂಡು ಆಡಿಬಿಡು ಎಂದು ಗೆಳೆಯರು ಹೇಳುತ್ತಾರೆ, ಏನು ಮಾಡಲಿ ಎಂದು. ಅಂದು ನಮ್ಮೊಡನಿದ್ದ ಮೂಳೆತಜ್ಞರು ಪತ್ರ ಓದಿ ಕನ್ನಡಕ ತೆಗೆದಿಟ್ಟು, "ಆ ಜಾಗಕ್ಕೆ ಮಾತ್ರ ಬೇಡ" ಎಂದರು. ಹಿಮ್ಮಡಿಯ ರಜ್ಜು ದೇಹದ ಇಡೀ ಭಾರ ಹೊರುವ ಹಗ್ಗ. ಸ್ಟೀರಾಯ್ಡ್ ಆ ಹಗ್ಗದ ಎಳೆಗಳನ್ನು ದುರ್ಬಲಗೊಳಿಸಬಲ್ಲದು. ನೋವಿನ ಎಚ್ಚರಿಕೆಯೂ ಇಲ್ಲದೆ ಜಿಗಿದಾಗ ಅದು ಹರಿದರೆ ಆ ವರ್ಷವಲ್ಲ, ಆಟವೇ ಮುಗಿಯಬಹುದು. ಮೊಣಕೈಯ 'ಟೆನ್ನಿಸ್ ಎಲ್ಬೋ' ಬಗ್ಗೆಯೂ ಆಸ್ಟ್ರೇಲಿಯಾದಲ್ಲಿ 165 ಜನರ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಪ್ರಯೋಗ ಇಂಥದೇ ಕಥೆ ಹೇಳುತ್ತದೆ. ಮೊದಲ ವಾರಗಳಲ್ಲಿ ಸ್ಟೀರಾಯ್ಡ್ ಪಡೆದವರೇ ಮುಂದು. ವರ್ಷದ ಕೊನೆಗೆ ಪೂರ್ತಿ ಅಥವಾ ಬಹುಮಟ್ಟಿಗೆ ಗುಣವಾದವರು ಸ್ಟೀರಾಯ್ಡ್ ಗುಂಪಿನಲ್ಲಿ ನೂರಕ್ಕೆ 83, ಉಪ್ಪುನೀರಿನ ಗುಂಪಿನಲ್ಲಿ 96. ನೋವು ಮರುಕಳಿಸಿದ್ದು 54 ಮತ್ತು 12. ಆಮೆ ಮೊಲದ ಓಟ ಇಲ್ಲೂ ನಡೆದಿದೆ.

ನಿಮ್ಮಲ್ಲಿ ಕ್ರೀಡಾಪಟುಗಳಿದ್ದರೆ ಇನ್ನೆರಡು ಸಂಗತಿ. ಮಾಂಸಖಂಡ ಬೆಳೆಸಲೆಂದು ಜಿಮ್‌ಗಳಲ್ಲಿ ಕದ್ದು ತೆಗೆದುಕೊಳ್ಳುವ ಸ್ಟೀರಾಯ್ಡ್ ಬೇರೆ ಜಾತಿ, ಗಂಡು ಹಾರ್ಮೋನಿನ ಬಳಗ. ಕಾರ್ಟಿಸೋನ್ ಬಳಗ ಮಾಂಸಖಂಡವನ್ನು ಬೆಳೆಸುವುದಿರಲಿ, ಹೆಚ್ಚು ಕಾಲ ಸೇವಿಸಿದರೆ ಸೊರಗಿಸುತ್ತದೆ. ಹೆಸರು ಒಂದೇ ಆಗಿರುವುದು ಅಣುವಿನ ನಾಲ್ಕು ಉಂಗುರಗಳ ಅಸ್ಥಿಪಂಜರ ಒಂದೇ ಆಗಿರುವುದರಿಂದ. ಎರಡನೆಯದು: 2022ರ ಜನವರಿ 1ರಿಂದ ಕಾರ್ಟಿಸೋನ್ ಬಳಗದ ಎಲ್ಲ ಬಗೆಯ ಇಂಜೆಕ್ಷನ್‌ಗಳನ್ನೂ, ಕೀಲಿಗೆ ಕೊಡುವುದನ್ನೂ ಸೇರಿಸಿ, ಸ್ಪರ್ಧೆಯ ಕಾಲದಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ನಿಷೇಧಿಸಿದೆ. ಔಷಧ ದೇಹದಿಂದ ಹೊರಹೋಗಲು ವಾರಗಳೇ ಬೇಕಾಗಬಹುದು. ಚಿಕಿತ್ಸೆಗೆಂದು ಅನಿವಾರ್ಯವಾದರೆ ಅದಕ್ಕೆ ಅನುಮತಿ ಪಡೆಯುವ ಕ್ರಮವಿದೆ. ವೈದ್ಯರಿಗೆ "ನಾನು ಆಟಗಾರ" ಎಂದು ಮೊದಲೇ ಹೇಳಿಬಿಡಿ.

ಊರಿಗೆ ಬಂದು ಹೋಗುವ 'ವಾತದ ವೈದ್ಯ'ರ ಪುಡಿ, ಹೆಸರಿಲ್ಲದ ಸೀಸೆಯ ಸೂಜಿ, ಕಾಗದದಲ್ಲಿ ಸುತ್ತಿಕೊಟ್ಟ ಮಾತ್ರೆ, ಇವುಗಳ ಬಗ್ಗೆ ನನ್ನ ಮಾತು ಕೊಂಚ ಕಟುವಾಗಿಯೇ ಇರುತ್ತದೆ. ಗಿಡಮೂಲಿಕೆ ಎಂದು ಹೇಳಿ ಮಾರಿದ ಕೀಲುನೋವಿನ ಪುಡಿಗಳಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸಲೋನ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ತಿಂಗಳುಗಟ್ಟಲೆ ತಿಂದವರ ಅಡ್ರಿನಲ್ ಗ್ರಂಥಿ, ಹೊರಗಿನಿಂದಲೇ ಬರುತ್ತಿದೆಯಲ್ಲ ಎಂದು ತನ್ನ ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ಆಮೇಲೆ ಪುಡಿ ಥಟ್ಟನೆ ನಿಂತರೆ ಜೀವಕ್ಕೇ ಅಪಾಯ. ಹಾಗಾಗಿ ಮನೆಯಲ್ಲಿ ಯಾರಾದರೂ ಇಂಥದನ್ನು ಬಹಳ ಕಾಲದಿಂದ ತಿನ್ನುತ್ತಿದ್ದರೆ ಕೋಪದಿಂದ ಕಿತ್ತು ಎಸೆಯಬೇಡಿ. ಪುಡಿಯ ಪೊಟ್ಟಣದ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಸ್ಟೀರಾಯ್ಡ್ ಎಂದು ತಿಳಿದರೆ ಅವರು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ.

ಅಜ್ಜಿಯ ಸರದಿ ಬಂದು ಒಳಗೆ ಹೋದಾಗ, ಯಾವ ಕಾಯಿಲೆಗೆ ಈ ಇಂಜೆಕ್ಷನ್, ಎಷ್ಟು ಮಿಲಿಗ್ರಾಂ, ಈ ಕೀಲಿಗೆ ಇದು ಎಷ್ಟನೆಯದು, ಜೊತೆಗೆ ಯಾವ ವ್ಯಾಯಾಮ ಎಂದು ಕೇಳಿ. ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗೆ ಬೇಸರಿಸುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತ ತಿಳಿಯಾಗಿಸುವ ಮಾತ್ರೆ, ಎಲ್ಲಾದರೂ ಹುಣ್ಣು ಅಥವಾ ಜ್ವರ ಇದ್ದರೆ ಕೇಳುವ ಮುನ್ನವೇ ಹೇಳಿ. ಮನೆಗೆ ಬಂದ ಮೇಲೆ ಒಂದೆರಡು ದಿನ ಆ ಕಾಲಿಗೆ ಹೆಚ್ಚು ಕೆಲಸ ಬೇಡ. ಔಷಧದ ಹೆಸರು, ಪ್ರಮಾಣ, ತಾರೀಕು, ಎಡವೋ ಬಲವೋ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹರಿದು ಎಸೆಯುವ ಕ್ಯಾಲೆಂಡರ್ ಆಗಿದ್ದರೆ ಚೀಟಿಗಳ ಕಡತದಲ್ಲಿ. ಮುಂದಿನ ಬಾರಿ ಬೇರೆ ಊರಿನ ಬೇರೆ ವೈದ್ಯರು "ಹಿಂದೆ ಎಷ್ಟು ಸಲ ಹಾಕಿಸಿದ್ದೀರಿ?" ಎಂದು ಕೇಳಿದಾಗ ಅಜ್ಜಿ "ನಾಲ್ಕೋ ಐದೋ, ಆ ಜಾತ್ರೆಯ ವರ್ಷ ಒಂದು" ಎಂದು ಲೆಕ್ಕ ಶುರುಮಾಡುವ ಮೊದಲು ನೀವು ಆ ಹಾಳೆಯನ್ನು ಮೇಜಿನ ಮೇಲಿಡಬಹುದು.